ಮನೆಯ ನೇರ ಮೆಟ್ಟಿಲಿಗೆ ಸುರಕ್ಷಿತ ಅಳತೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಕಟ್ಟಿಸುವವರು ಮುಂಬಾಗಿಲಿನ ಮರಕ್ಕೂ ಅಡುಗೆಮನೆಯ ಕಟ್ಟೆಯ ಕಲ್ಲಿಗೂ ಕೊಡುವಷ್ಟು ಗಮನವನ್ನು ಮೆಟ್ಟಿಲಿಗೆ ಕೊಡುವುದು ಅಪರೂಪ. ನಕ್ಷೆಯಲ್ಲಿ ಮೂರಡಿ ಅಗಲದ ಒಂದು ಪಟ್ಟಿ ಬರೆದು ಅಡ್ಡಗೆರೆ ಎಳೆದರೆ ಮೆಟ್ಟಿಲಿನ ಕೆಲಸ ಮುಗಿಯಿತೆಂದು ಭಾವಿಸುತ್ತಾರೆ, ಉಳಿದದ್ದನ್ನು ಸೆಂಟ್ರಿಂಗ್ ಹೊಡೆಯುವ ದಿನ ಮೇಸ್ತ್ರಿಯೇ ನೋಡಿಕೊಳ್ಳಲಿ ಎಂದು ಬಿಡುತ್ತಾರೆ. ಕಾಂಕ್ರೀಟ್ ಹಾಕಿದ ಮೇಲೆ ತಿದ್ದಲು ಬಹಳ ಕಷ್ಟವಾಗುವ ಭಾಗ ಇದು. ಮನೆಯಲ್ಲಿರುವ ಎಲ್ಲರೂ, ಮಕ್ಕಳೂ ವಯಸ್ಸಾದವರೂ ಸೇರಿ, ದಿನಕ್ಕೆ ಹಲವು ಬಾರಿ ಕಾಲಿಡುವ ಭಾಗವೂ ಇದೇ. ಆದ್ದರಿಂದ ಕಾಂಕ್ರೀಟಿಗೆ ಮೊದಲೇ ಕಾಗದದ ಮೇಲೆ ಮುಗಿಸಬೇಕಾದ ಲೆಕ್ಕಗಳನ್ನು ಇಲ್ಲಿ ಪ್ರಶ್ನೋತ್ತರದ ರೂಪದಲ್ಲಿ ಕೊಟ್ಟಿದೆ.

ಈ ಲೆಕ್ಕಗಳು ಯಾವ ಮೆಟ್ಟಿಲಿಗೆ ಅನ್ವಯಿಸುತ್ತವೆ?

ಕೆಳಗಿನಿಂದ ಮೇಲಿನವರೆಗೆ ಎಲ್ಲಿಯೂ ತಿರುಗದೆ ಒಂದೇ ದಿಕ್ಕಿನಲ್ಲಿ ಏರುವ ಮೆಟ್ಟಿಲಿಗೆ. ನಡುವೆ ಒಂದು ಲ್ಯಾಂಡಿಂಗ್, ಅಂದರೆ ನಿಂತು ಮುಂದುವರಿಯಲು ಬಿಡುವ ಮಟ್ಟಸವಾದ ಜಾಗ, ಇದ್ದರೂ ದಿಕ್ಕು ಬದಲಾಗದಿದ್ದರೆ ಅದು ನೇರ ಮೆಟ್ಟಿಲೇ. ಉದಾಹರಣೆಗಳನ್ನು ನಮ್ಮ ಊರುಗಳಲ್ಲಿ ಸಾಮಾನ್ಯವಾಗಿರುವ ಎರಡು ಅಂತಸ್ತಿನ ಆರ್‌ಸಿಸಿ ಮನೆಯಿಂದ ತೆಗೆದುಕೊಂಡಿದ್ದೇನೆ. ಮಡಚಿ ಏರುವ ಡಾಗ್‌ಲೆಗ್ ಮೆಟ್ಟಿಲಿಗೂ ಎತ್ತರದ ಲೆಕ್ಕ ಇದೇ ಆಗಿರುತ್ತದೆ, ಉದ್ದದ ಲೆಕ್ಕ ಮಾತ್ರ ಬೇರೆ.

ಮೊದಲು ಯಾವ ಅಳತೆ ತೆಗೆಯಬೇಕು?

ಕೆಳಗಿನ ನೆಲದ ಮುಗಿದ ಮಟ್ಟದಿಂದ ಮೇಲಿನ ನೆಲದ ಮುಗಿದ ಮಟ್ಟದವರೆಗಿನ ಎತ್ತರ. "ಮುಗಿದ" ಎನ್ನುವುದು ಇಲ್ಲಿ ಬಹಳ ಮುಖ್ಯ. ಟೈಲ್ಸ್, ಗ್ರಾನೈಟ್ ಅಥವಾ ರೆಡ್ ಆಕ್ಸೈಡ್, ಯಾವುದೇ ಆಗಲಿ, ಅದನ್ನು ಹಾಕಿ ಮುಗಿಸಿದ ಮೇಲೆ ಕಾಲಿಗೆ ಸಿಗುವ ಮಟ್ಟವೇ ಲೆಕ್ಕಕ್ಕೆ ಬೇಕಾದದ್ದು. "ಹತ್ತು ಅಡಿ ಮನೆ" ಎಂದು ಬಾಯಿಮಾತಿನಲ್ಲಿ ಹೇಳುವ ಎತ್ತರವನ್ನು ನಂಬಿ ಲೆಕ್ಕ ಆರಂಭಿಸಬಾರದು. ಕೆಲವರು ಛಾವಣಿಯ ತಳದವರೆಗಿನ ಎತ್ತರವನ್ನು ಹತ್ತು ಅಡಿ ಎನ್ನುತ್ತಾರೆ, ಕೆಲವರು ಸ್ಲ್ಯಾಬಿನ ಮೇಲ್ಮೈವರೆಗಿನದನ್ನು. ಇವೆರಡರ ನಡುವೆ ಐದಾರು ಇಂಚು ವ್ಯತ್ಯಾಸವಿರುತ್ತದೆ.

ಅಳೆಯುವ ಜಾಗವೂ ಮುಖ್ಯ. ಕೋಣೆಯ ಯಾವುದೋ ಮೂಲೆಯಲ್ಲಿ ಟೇಪ್ ಹಿಡಿದರೆ ಸಾಲದು. ಮೊದಲ ಮೆಟ್ಟಿಲು ನೆಲ ಮುಟ್ಟುವ ಬಿಂದುವಿನ ಮಟ್ಟವನ್ನು ನೀರಿನ ಲೆವೆಲ್ ಪೈಪಿನಿಂದ ಗೋಡೆಯ ಮೇಲೆ ಗುರುತಿಸಿಕೊಂಡು, ಆ ಗುರುತಿನ ಮಟ್ಟವನ್ನು ಮೆಟ್ಟಿಲು ಮೇಲೆ ಕೂಡುವ ಜಾಗದ ಕೆಳಕ್ಕೆ ತಂದು, ಅಲ್ಲಿಂದ ನೆಟ್ಟಗೆ ಮೇಲಕ್ಕೆ ಅಳೆಯಬೇಕು. ನೆಲ ಮಟ್ಟವಾಗಿಯೇ ಇದೆ ಎಂದು ಕಣ್ಣಿಗೆ ಕಂಡರೂ ಹದಿನೈದು ಅಡಿ ದೂರದಲ್ಲಿ ಒಂದು ಇಂಚು ಏರುಪೇರಿರುವುದು ಅಸಾಧಾರಣವೇನಲ್ಲ.

ಒಂದೊಂದು ಮೆಟ್ಟಿಲು ಎಷ್ಟು ಎತ್ತರ, ಎಷ್ಟು ಅಗಲ ಇರಬೇಕು?

ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಕಾಲು ಎತ್ತಬೇಕಾದ ಎತ್ತರ ರೈಸರ್. ಪಾದ ಊರಲು ಸಿಗುವ ಜಾಗ ಟ್ರೆಡ್. ಭಾರತೀಯ ಮಾನಕ ಬ್ಯೂರೋದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಮನೆಗಳಲ್ಲಿ ರೈಸರ್ 190 ಮಿ.ಮೀ. ಮೀರಬಾರದು, ಟ್ರೆಡ್ 250 ಮಿ.ಮೀ.ಗಿಂತ ಕಡಿಮೆಯಾಗಬಾರದು. ಶಾಲೆ, ಆಸ್ಪತ್ರೆಗಳಂಥ ಕಟ್ಟಡಗಳಿಗೆ ಇದು ಇನ್ನೂ ಬಿಗಿಯಾಗಿದ್ದು, ರೈಸರ್ 150, ಟ್ರೆಡ್ 300 ಎಂದಿದೆ. ಸಂಹಿತೆ ಮೊದಲು ಪ್ರಕಟವಾದದ್ದು 1970ರಲ್ಲಿ, ನಂತರ 1983, 2005 ಮತ್ತು 2016ರಲ್ಲಿ ಪರಿಷ್ಕರಣೆಗೊಂಡಿತು. ಅದು ಮಾರ್ಗದರ್ಶಿ ಮಾತ್ರ. ಕಾನೂನಿನ ಬಲ ಬರುವುದು ನಿಮ್ಮ ನಗರಸಭೆ, ಪಾಲಿಕೆ ಅಥವಾ ಪಂಚಾಯಿತಿಯ ಕಟ್ಟಡ ಉಪವಿಧಿಗಳಿಂದ.

190 ಮತ್ತು 250 ಮಿತಿಗಳೇ ಹೊರತು ಗುರಿಗಳಲ್ಲ. ವಯಸ್ಕರ ಪಾದದ ಉದ್ದ ಸಾಮಾನ್ಯವಾಗಿ 240ರಿಂದ 270 ಮಿ.ಮೀ. ಇರುವುದರಿಂದ, 250ರ ಟ್ರೆಡ್ ಮೇಲೆ ಇಳಿಯುವಾಗ ಬೆರಳುಗಳ ತುದಿ ಅಂಚಿನಾಚೆ ಚಾಚಿಕೊಳ್ಳುತ್ತದೆ. ಏರುವಾಗ ಇದು ಗೊತ್ತಾಗುವುದಿಲ್ಲ, ಇಳಿಯುವಾಗ ಅಪಾಯ ತರುತ್ತದೆ. ನನ್ನ ಅಭಿಪ್ರಾಯದಲ್ಲಿ ಮನೆಗೆ ಹಿತವಾದ ಅಳತೆ 160ರಿಂದ 175 ಮಿ.ಮೀ. ರೈಸರ್ ಮತ್ತು 270ರಿಂದ 300 ಮಿ.ಮೀ. ಟ್ರೆಡ್. ಮೇಸ್ತ್ರಿಗಳ ಭಾಷೆಯಲ್ಲಿ ಹೇಳುವುದಾದರೆ ಆರೂವರೆಯಿಂದ ಏಳು ಇಂಚಿನೊಳಗೆ ರೈಸರ್, ಹನ್ನೊಂದು ಇಂಚು ಟ್ರೆಡ್.

ಟ್ರೆಡ್ ಅಳೆಯುವಾಗ ಒಂದು ಎಚ್ಚರಿಕೆ ಬೇಕು. ಗ್ರಾನೈಟ್ ಹಲಗೆಯನ್ನು ಮುಂದಕ್ಕೆ ಒಂದು ಇಂಚು ಚಾಚಿ ಕೂರಿಸುವುದು ರೂಢಿ. ಹಲಗೆಯ ಪೂರ್ತಿ ಅಗಲವನ್ನು ಅಳೆದು ಹನ್ನೊಂದು ಇಂಚಿದೆ ಎಂದು ತೃಪ್ತಿಪಟ್ಟರೆ ನಿಜವಾಗಿ ಸಿಕ್ಕಿರುವುದು ಹತ್ತೇ ಇಂಚು, ಏಕೆಂದರೆ ಮೇಲಿನ ಮೆಟ್ಟಿಲಿನ ಚಾಚು ಹಿಂಭಾಗದ ಒಂದು ಇಂಚನ್ನು ಮುಚ್ಚಿರುತ್ತದೆ. ಒಂದು ಮೆಟ್ಟಿಲಿನ ಅಂಚಿನಿಂದ ಮುಂದಿನದರ ಅಂಚಿಗೆ ಅಡ್ಡಲಾಗಿ ಅಳೆದದ್ದೇ ಸರಿಯಾದ ಅಳತೆ.

ರೈಸರ್ ಮತ್ತು ಟ್ರೆಡ್ ಹೊಂದಿಕೊಂಡಿವೆ ಎಂದು ತಿಳಿಯುವುದು ಹೇಗೆ?

ರೈಸರಿನ ಎರಡು ಪಟ್ಟಿಗೆ ಟ್ರೆಡ್ ಕೂಡಿಸಿದರೆ 600ರಿಂದ 640 ಮಿ.ಮೀ. ಒಳಗೆ ಬರಬೇಕು. ಹದಿನೇಳನೇ ಶತಮಾನದ ಫ್ರೆಂಚ್ ವಾಸ್ತುಶಿಲ್ಪಿ ಫ್ರಾಂಸ್ವಾ ಬ್ಲಾಂಡೆಲ್ ಹೇಳಿದ ಸೂತ್ರವಿದು. ಮಟ್ಟವಾದ ನೆಲದಲ್ಲಿ ಮನುಷ್ಯ ಇಡುವ ಒಂದು ಹೆಜ್ಜೆಯ ಉದ್ದವನ್ನು ಅವರು ಆಧಾರವಾಗಿ ಇಟ್ಟುಕೊಂಡರು. ಕಾಲನ್ನು ಮೇಲಕ್ಕೆತ್ತುವ ಶ್ರಮ ಮುಂದಕ್ಕೆ ಚಾಚುವ ಶ್ರಮದ ಎರಡರಷ್ಟು ಎಂಬುದು ಅವರ ಎಣಿಕೆ. ಅವರು ಕೊಟ್ಟ ಮೊತ್ತ ಈಗಿನ ಲೆಕ್ಕದಲ್ಲಿ ಸುಮಾರು 650 ಮಿ.ಮೀ. ಆಗುತ್ತದೆ, ಈಗ ಅದಕ್ಕಿಂತ ತುಸು ಕಡಿಮೆಯನ್ನು ಬಳಸುವುದು ಸಾಮಾನ್ಯ.

ಸೂತ್ರವನ್ನು ಮಿತಿಗಳ ಜೊತೆಗೇ ಬಳಸಬೇಕು. 200 ಮಿ.ಮೀ. ರೈಸರ್, 220 ಮಿ.ಮೀ. ಟ್ರೆಡ್ ಇಟ್ಟರೂ ಮೊತ್ತ 620 ಆಗುತ್ತದೆ, ಆದರೆ ಅದು ಏಣಿಯಷ್ಟು ಕಡಿದಾದ ಮೆಟ್ಟಿಲು.

ಒಂದು ಲೆಕ್ಕವನ್ನು ಪೂರ್ತಿಯಾಗಿ ಮಾಡಿ ತೋರಿಸಬಹುದೇ?

ಮುಗಿದ ನೆಲದಿಂದ ಮುಗಿದ ನೆಲಕ್ಕೆ 3060 ಮಿ.ಮೀ. ಎತ್ತರವಿದೆ ಎಂದುಕೊಳ್ಳೋಣ. ಇದು ಹತ್ತು ಅಡಿಗಿಂತ ಅರ್ಧ ಇಂಚು ಹೆಚ್ಚು. ಬೇಕೆನಿಸಿದ ರೈಸರ್ 170 ಎಂದಿಟ್ಟು ಭಾಗಿಸಿದರೆ ಸರಿಯಾಗಿ 18 ಬರುತ್ತದೆ. ಬೇರೆ ಎತ್ತರವಿದ್ದಾಗ ಶೇಷ ಉಳಿಯುತ್ತದೆ. ಆಗ ಭಾಗಲಬ್ಧವನ್ನು ಹತ್ತಿರದ ಪೂರ್ಣಸಂಖ್ಯೆಗೆ ತಂದು, ಒಟ್ಟು ಎತ್ತರವನ್ನು ಆ ಸಂಖ್ಯೆಯಿಂದ ಮತ್ತೆ ಭಾಗಿಸಿ, ಬಂದ ಅಳತೆಯನ್ನೇ ಎಲ್ಲ ಮೆಟ್ಟಿಲಿಗೂ ಇಡಬೇಕು. ಉದಾಹರಣೆಗೆ ಎತ್ತರ 3110 ಇದ್ದರೆ 18 ರೈಸರಿಗೆ ತಲಾ 172.8 ಮಿ.ಮೀ. ಬರುತ್ತದೆ. ಹದಿನೇಳನ್ನು 170ರಂತೆ ಇಟ್ಟು ಉಳಿದ 50 ಮಿ.ಮೀ.ಯನ್ನು ಕೊನೆಯ ಮೆಟ್ಟಿಲಿಗೆ ಸೇರಿಸಬಾರದು.

ಈಗ ಟ್ರೆಡ್. ಸೂತ್ರದ ಮೊತ್ತ 620 ಎಂದಿಟ್ಟುಕೊಂಡು, ಅದರಿಂದ ರೈಸರಿನ ಎರಡು ಪಟ್ಟಾದ 340 ಕಳೆದರೆ 280 ಮಿ.ಮೀ. ಉಳಿಯುತ್ತದೆ. ರೈಸರ್ 18 ಇದ್ದರೆ ಟ್ರೆಡ್ 17, ಏಕೆಂದರೆ ಕೊನೆಯ ರೈಸರ್ ಏರಿದ ಮೇಲೆ ಕಾಲಿಡುವುದು ಮೇಲಿನ ನೆಲದ ಮೇಲೆಯೇ. 17ನ್ನು 280ರಿಂದ ಗುಣಿಸಿದರೆ 4760 ಮಿ.ಮೀ., ಅಂದರೆ ಹದಿನೈದೂವರೆ ಅಡಿಗಿಂತ ತುಸು ಹೆಚ್ಚು ಉದ್ದ. ಇಳಿಜಾರಿನ ಕೋನ ಸುಮಾರು 31 ಡಿಗ್ರಿ. ಮನೆಗೆ 30ರಿಂದ 35 ಡಿಗ್ರಿ ಹಿತಕರ.

ನಡುವೆ ಲ್ಯಾಂಡಿಂಗ್ ಕೊಡಲೇಬೇಕೇ?

ಮೇಲಿನ ಉದಾಹರಣೆಯಲ್ಲಿ ಕೊಡಬೇಕು. ಒಂದೇ ಫ್ಲೈಟಿನಲ್ಲಿ, ಅಂದರೆ ನಡುವೆ ಬಿಡುವಿಲ್ಲದೆ ಏರುವ ಮೆಟ್ಟಿಲುಗಳ ಒಂದು ಸಾಲಿನಲ್ಲಿ, 12 ರೈಸರ್ ದಾಟದಂತೆ ನೋಡಿಕೊಳ್ಳುವುದು ಒಳ್ಳೆಯದು, 15ನ್ನಂತೂ ಮೀರಲೇಬಾರದು. ನೇರ ಮೆಟ್ಟಿಲಿಗೆ ಇದು ಇನ್ನಷ್ಟು ಮುಖ್ಯವಾಗುತ್ತದೆ. ಮಡಚಿ ಏರುವ ಮೆಟ್ಟಿಲಿನಲ್ಲಿ ಕಾಲು ಜಾರಿದವರು ಅರ್ಧದಾರಿಯ ಲ್ಯಾಂಡಿಂಗಿನಲ್ಲಿ ತಡೆಯಲ್ಪಡುತ್ತಾರೆ. ನಡುವೆ ಬಿಡುವಿಲ್ಲದ ನೇರ ಮೆಟ್ಟಿಲಿನಲ್ಲಿ ಮೇಲಿನಿಂದ ಬಿದ್ದವರು ನೆಲದವರೆಗೂ ಉರುಳಬಹುದು.

18 ರೈಸರನ್ನು ಒಂಬತ್ತು, ಒಂಬತ್ತಾಗಿ ಒಡೆದರೆ ಪ್ರತಿ ಫ್ಲೈಟಿನಲ್ಲಿ ಎಂಟು ಟ್ರೆಡ್ ಬರುತ್ತದೆ. ಹದಿನಾರು ಟ್ರೆಡ್ಡಿಗೆ 4480 ಮಿ.ಮೀ., ಲ್ಯಾಂಡಿಂಗಿಗೆ 1000 ಮಿ.ಮೀ., ಒಟ್ಟು 5480 ಮಿ.ಮೀ. ಅಂದರೆ ಹದಿನೆಂಟು ಅಡಿ. ಲ್ಯಾಂಡಿಂಗಿನ ಉದ್ದ ಮೆಟ್ಟಿಲಿನ ಅಗಲಕ್ಕಿಂತ ಕಡಿಮೆ ಇರಬಾರದು. ಇದರ ಜೊತೆಗೆ ಮೆಟ್ಟಿಲಿನ ಬುಡದಲ್ಲಿ ಒಂದು ಮೀಟರ್, ಮೇಲೆ ಒಂದು ಮೀಟರ್ ಖಾಲಿ ಜಾಗ ಬೇಕು. ಹೀಗೆ ನೇರ ಮೆಟ್ಟಿಲು ಒಟ್ಟು ಇಪ್ಪತ್ತನಾಲ್ಕೂವರೆ ಅಡಿ ಉದ್ದವನ್ನು ಕೇಳುತ್ತದೆ. 30×40 ಸೈಟಿನಲ್ಲಿ ಸುತ್ತ ಬಿಡಬೇಕಾದ ಜಾಗ ಬಿಟ್ಟ ಮೇಲೆ ಇಷ್ಟು ಉದ್ದ ಸಿಗುವುದು ಉದ್ದದ ಬದಿಯಲ್ಲಿ ಮಾತ್ರ. ನಕ್ಷೆಯ ಮೊದಲ ದಿನವೇ ಇದನ್ನು ಯೋಚಿಸಬೇಕೆಂದು ಹೇಳುವುದು ಇದಕ್ಕಾಗಿಯೇ.

ಮೆಟ್ಟಿಲಿನ ತಲೆಯಲ್ಲೇ ಕೋಣೆಯ ಬಾಗಿಲು ಇಟ್ಟು, ಅದು ಮೆಟ್ಟಿಲಿನ ಕಡೆಗೆ ತೆರೆಯುವಂತೆ ಮಾಡುವುದು ಬಹಳ ಅಪಾಯಕಾರಿ. ಬಾಗಿಲು ಒಳಕ್ಕೆ ತೆರೆಯಲಿ, ಮೆಟ್ಟಿಲಿನ ಅಂಚಿನಿಂದ ದೂರವೂ ಇರಲಿ.

ನಮ್ಮಲ್ಲಿ ಹದಿಮೂರು ಅಡಿ ಉದ್ದ ಮಾತ್ರ ಇದೆ. ಏನು ಮಾಡಬೇಕು?

ಹದಿಮೂರು ಅಡಿ ಎಂದರೆ 3960 ಮಿ.ಮೀ. ಅದೇ 3060 ಮಿ.ಮೀ. ಎತ್ತರಕ್ಕೆ ರೈಸರ್ ಎಣಿಕೆಯನ್ನು 17ಕ್ಕೆ ಇಳಿಸಿದರೆ ಒಂದೊಂದೂ 180 ಮಿ.ಮೀ. ಆಗುತ್ತದೆ. ಟ್ರೆಡ್ 16 ಬೇಕು, ತಲಾ 250 ಎಂದರೂ 4000 ಮಿ.ಮೀ. ಆಯಿತು, ಲ್ಯಾಂಡಿಂಗ್ ಇಲ್ಲದೆಯೇ ಜಾಗ ಮೀರಿತು. ಎಣಿಕೆಯನ್ನು 16ಕ್ಕೆ ಇಳಿಸಿದರೆ ರೈಸರ್ 191 ದಾಟಿ ಸಂಹಿತೆಯ ಮಿತಿಯೂ ಮೀರುತ್ತದೆ. ಇಂಥ ಕಡೆ ನೇರ ಮೆಟ್ಟಿಲಿನ ಆಸೆಯನ್ನು ಬಿಟ್ಟು ಡಾಗ್‌ಲೆಗ್ ಮೆಟ್ಟಿಲಿಗೆ ಹೋಗುವುದೇ ಸರಿಯಾದ ನಿರ್ಧಾರ. ಅದಕ್ಕೆ ಏಳು ಅಡಿಯಷ್ಟು ಅಗಲ ಬೇಕಾದರೂ ಉದ್ದ ಬಹಳ ಕಡಿಮೆ ಸಾಕು. ಟ್ರೆಡ್ಡನ್ನು ಒಂಬತ್ತು ಇಂಚಿಗೆ ಇಳಿಸಿ ಹೇಗೋ ಕೂರಿಸಿಕೊಡುತ್ತೇನೆ ಎನ್ನುವ ಮಾತಿಗೆ ದಯವಿಟ್ಟು ಒಪ್ಪಬೇಡಿ.

ಎಲ್ಲ ಮೆಟ್ಟಿಲೂ ಸಮವಾಗಿದ್ದು, ಮೊದಲನೆಯದು ಮತ್ತು ಕೊನೆಯದು ಮಾತ್ರ ಬೇರೆಯಾಗುವುದು ಏಕೆ?

ಈ ಪುಟದಲ್ಲಿ ಒಂದೇ ಉತ್ತರವನ್ನು ಓದಲು ಸಮಯವಿದ್ದರೆ ಇದನ್ನೇ ಓದಬೇಕೆಂದು ಕೋರುತ್ತೇನೆ. ನಮ್ಮಲ್ಲಿ ಆರ್‌ಸಿಸಿ ಮೆಟ್ಟಿಲು ಹಾಕುವುದು ಒಂದು ಹಂತದಲ್ಲಿ, ನೆಲಹಾಸು ಮತ್ತು ಗ್ರಾನೈಟ್ ಹಾಕುವುದು ತಿಂಗಳುಗಳ ನಂತರ, ಅದೂ ಬೇರೆ ತಂಡದವರು. ಬಾರ್ ಬೆಂಡರ್ ಮತ್ತು ಸೆಂಟ್ರಿಂಗಿನವರ ಮುಂದೆ ಇರುವುದು ಒರಟು ನೆಲ ಮತ್ತು ಒರಟು ಸ್ಲ್ಯಾಬ್ ಮಾತ್ರ. ಅವರು ಈ ಎರಡು ಒರಟು ಮಟ್ಟಗಳ ನಡುವಿನ ಎತ್ತರವನ್ನು ಸಮವಾಗಿ ಹಂಚುತ್ತಾರೆ. ಆ ದಿನದ ಮಟ್ಟಿಗೆ ಅವರ ಕೆಲಸ ಸರಿಯಾಗಿಯೇ ಇರುತ್ತದೆ. ತೊಂದರೆ ಕಾಣಿಸಿಕೊಳ್ಳುವುದು ಕಲ್ಲು ಕೂರಿಸಿದ ಮೇಲೆ.

ಅದೇ ಮನೆಯನ್ನು ನೋಡೋಣ. ಕೆಳಗಿನ ನೆಲದಲ್ಲಿ ಗಾರೆ, ಟೈಲ್ಸ್ ಸೇರಿ 75 ಮಿ.ಮೀ. ದಪ್ಪ ಬರಲಿದೆ. ಮೆಟ್ಟಿಲಿನ ಮೇಲೆ ಗಾರೆ, ಗ್ರಾನೈಟ್ ಸೇರಿ 40. ಮೇಲಿನ ಅಂತಸ್ತಿನ ನೆಲದಲ್ಲಿ 50. ಒರಟು ನೆಲದಿಂದ ಒರಟು ಸ್ಲ್ಯಾಬಿಗೆ ಅಳೆದರೆ 3060ಕ್ಕೆ 75 ಕೂಡಿಸಿ 50 ಕಳೆದು 3085 ಮಿ.ಮೀ. ಸಿಗುತ್ತದೆ. 18ರಿಂದ ಭಾಗಿಸಿ ತಲಾ 171.4 ಮಿ.ಮೀ.ಯಂತೆ ಕಾಂಕ್ರೀಟ್ ಹಾಕಿದರು ಎಂದುಕೊಳ್ಳಿ. ನೆಲಹಾಸು ಮುಗಿದಾಗ ಮೊದಲ ರೈಸರ್ ಬುಡದಲ್ಲಿ 75 ಕಳೆದುಕೊಂಡು ಮೇಲೆ 40 ಪಡೆಯುತ್ತದೆ, ಉಳಿಯುವುದು 136.4. ನಡುವಿನ ಹದಿನಾರು ರೈಸರುಗಳಿಗೆ ಕೆಳಗೂ ಮೇಲೂ 40 ಸೇರುವುದರಿಂದ ಅವು 171.4ರಲ್ಲೇ ಇರುತ್ತವೆ. ಕೊನೆಯದಕ್ಕೆ ಕೆಳಗೆ 40 ಹೋಗಿ ಮೇಲೆ 50 ಬಂದು 181.4 ಆಗುತ್ತದೆ. ಮೊದಲನೆಯದಕ್ಕೂ ಕೊನೆಯದಕ್ಕೂ 45 ಮಿ.ಮೀ. ಅಂತರ. ಯಾರೂ ತಪ್ಪು ಅಳತೆ ಹಿಡಿಯದಿದ್ದರೂ ಮೆಟ್ಟಿಲು ಕೆಟ್ಟಿತು.

ಪರಿಹಾರ ಸರಳ. ನೆಲಹಾಸು ಎಲ್ಲೆಲ್ಲಿ ಎಷ್ಟು ದಪ್ಪ ಎಂಬುದನ್ನು ಕಾಂಕ್ರೀಟಿಗೆ ಮೊದಲೇ ತೀರ್ಮಾನಿಸಿ, ಒರಟು ಮೆಟ್ಟಿಲನ್ನು ಬೇಕೆಂದೇ ಅಸಮವಾಗಿ ಹಾಕಿಸಬೇಕು. ಈ ಮನೆಗೆ ಮೊದಲ ಒರಟು ರೈಸರ್ 205, ನಡುವಿನ ಹದಿನಾರೂ 170, ಕೊನೆಯದು 160 ಮಿ.ಮೀ. ಕೂಡಿಸಿ ನೋಡಿ, 3085ಕ್ಕೆ ಸರಿಹೋಗುತ್ತದೆ. ಕಲ್ಲು ಕೂತ ಮೇಲೆ ಹದಿನೆಂಟೂ 170ಕ್ಕೆ ಬಂದು ನಿಲ್ಲುತ್ತವೆ. ಈ ಮೂರು ಅಂಕಿಗಳನ್ನು ಮೆಟ್ಟಿಲಿನ ಪಕ್ಕದ ಗೋಡೆಯ ಮೇಲೆಯೇ ಬರೆಸಿಬಿಡಿ. ಮೊದಲ ಮೆಟ್ಟಿಲು ಉಳಿದವುಗಳಿಗಿಂತ ಒಂದೂಕಾಲು ಇಂಚಿಗೂ ಹೆಚ್ಚು ಎತ್ತರವಾಗಿ ಕಂಡಾಗ ಕೆಲಸದವರು ಅದನ್ನು ತಪ್ಪೆಂದು ತಿಳಿದು ತಿದ್ದಲು ಹೋಗುವುದುಂಟು, ಆದ್ದರಿಂದ ಕಾರಣವನ್ನೂ ಹೇಳಿರಬೇಕು. ಆಮೇಲೆ ಮನಸ್ಸು ಬದಲಿಸಿ ತೆಳು ಟೈಲ್ಸ್ ಬದಲು ದಪ್ಪ ಕಲ್ಲು ತಂದರೆ ಈ ಲೆಕ್ಕವೆಲ್ಲ ವ್ಯರ್ಥ.

ಎಷ್ಟು ವ್ಯತ್ಯಾಸವನ್ನು ಸಹಿಸಿಕೊಳ್ಳಬಹುದು?

ಪಕ್ಕಪಕ್ಕದ ಮೆಟ್ಟಿಲುಗಳ ನಡುವೆ 5 ಮಿ.ಮೀ.ಗಿಂತ ಹೆಚ್ಚು ಬೇಡ ಎಂಬುದು ನನ್ನ ಸಲಹೆ. ಅಮೆರಿಕದ ವಾಸದ ಮನೆಗಳ ಸಂಹಿತೆಯ ಪ್ರಕಾರ ಒಂದು ಫ್ಲೈಟಿನಲ್ಲಿ ಅತಿ ಎತ್ತರದ ಮತ್ತು ಅತಿ ಗಿಡ್ಡ ರೈಸರುಗಳ ನಡುವಿನ ಅಂತರ 9.5 ಮಿ.ಮೀ. ಮೀರಬಾರದು. ಇಷ್ಟು ಬಿಗಿಯೇಕೆಂದರೆ, ಮೆಟ್ಟಿಲು ಹತ್ತುವಾಗ ನಾವು ಪ್ರತಿಯೊಂದನ್ನೂ ನೋಡಿ ಕಾಲಿಡುವುದಿಲ್ಲ. ಮೊದಲ ಒಂದೆರಡು ಮೆಟ್ಟಿಲುಗಳಲ್ಲೇ ಕಾಲು ಎತ್ತರವನ್ನು ಕಲಿತುಕೊಂಡು ಉಳಿದವನ್ನು ಅದೇ ಲಯದಲ್ಲಿ ದಾಟುತ್ತದೆ. ಪಾದ ಅಂಚನ್ನು ದಾಟುವಾಗ ನಡುವೆ ಉಳಿಯುವ ಅಂತರ ಬಹಳ ಚಿಕ್ಕದು. ಒಂದು ಮೆಟ್ಟಿಲು ಮಾತ್ರ ಎತ್ತರವಿದ್ದರೆ ಬೆರಳು ಎಡವುತ್ತದೆ, ಇಳಿಯುವಾಗ ಒಂದು ಮಾತ್ರ ಆಳವಿದ್ದರೆ ದೇಹದ ಭಾರ ಕಾಲಿಗಿಂತ ಮೊದಲೇ ಮುಂದಕ್ಕೆ ಬೀಳುತ್ತದೆ. ಎಲ್ಲವೂ 185 ಇರುವ ಮೆಟ್ಟಿಲು, ಹದಿನೇಳು 165 ಇದ್ದು ಒಂದು ಮಾತ್ರ 195 ಇರುವ ಮೆಟ್ಟಿಲಿಗಿಂತ ಸುರಕ್ಷಿತ.

ಮೆಟ್ಟಿಲಿನ ಸಂಖ್ಯೆ ಬೆಸವಾಗಿರಬೇಕು ಎನ್ನುತ್ತಾರೆ. ಹೊಂದಿಸಬಹುದೇ?

ಹೊಂದಿಸಬಹುದು. ಬಲಗಾಲಿಟ್ಟು ಆರಂಭಿಸಿದರೆ ಬಲಗಾಲಿನಲ್ಲೇ ಮೇಲೆ ತಲುಪಬೇಕೆಂಬ ನಂಬಿಕೆಯನ್ನು ಅನೇಕ ಮನೆಗಳಲ್ಲಿ ಪಾಲಿಸುತ್ತಾರೆ. ಮೊದಲು ಮನೆಯವರು ಎಣಿಸುವುದು ರೈಸರನ್ನೋ ಟ್ರೆಡ್ಡನ್ನೋ ಎಂದು ಕೇಳಿಕೊಳ್ಳಿ. ಮೇಲಿನ ನೆಲವನ್ನು ಬಿಟ್ಟು ಎಣಿಸುವವರಿಗೆ 18 ರೈಸರಿನ ಮೆಟ್ಟಿಲು ಹದಿನೇಳೇ ಆಗುತ್ತದೆ. ನೆಲವನ್ನೂ ಸೇರಿಸುವವರಿಗೆ ಅದೇ 3060ನ್ನು 17ರಿಂದ ಭಾಗಿಸಿದರೆ 180, 19ರಿಂದ ಭಾಗಿಸಿದರೆ 161 ಮಿ.ಮೀ. ಬರುತ್ತದೆ. ಉದ್ದಕ್ಕೆ ಜಾಗವಿದ್ದರೆ 19 ಉತ್ತಮ. ಒಪ್ಪಬಾರದ್ದು ಒಂದೇ: ಸಂಖ್ಯೆ ಸರಿಮಾಡಲು ಬುಡದಲ್ಲಿ ಮೂರು ಇಂಚಿನ ಅರ್ಧ ಮೆಟ್ಟಿಲು ಸೇರಿಸುವುದು. ಮನೆಯಲ್ಲಿ ಎಲ್ಲರೂ ಎಡವುವುದು ಅಲ್ಲಿಯೇ.

ತಲೆಗೆ ಛಾವಣಿ ತಾಕದಂತೆ ಎಷ್ಟು ತೆರಪು ಬಿಡಬೇಕು?

ಮೆಟ್ಟಿಲಿನ ಅಂಚಿನಿಂದ ನೆಟ್ಟಗೆ ಮೇಲಕ್ಕೆ 2.2 ಮೀಟರ್, ಅಂದರೆ ಏಳೂಕಾಲು ಅಡಿಗೆ ಕಡಿಮೆಯಾಗದಂತೆ ತೆರಪಿರಬೇಕು. ನೇರ ಮೆಟ್ಟಿಲಿಗೆ ಸ್ಲ್ಯಾಬಿನಲ್ಲಿ ಬಿಡುವ ತೂತು ಉದ್ದವಾಗುವುದರಿಂದ, ಮೇಲಿನ ಕೋಣೆ ದೊಡ್ಡದಾಗಲಿ ಎಂದು ಅದನ್ನು ಕಿರಿದು ಮಾಡುವ ಒತ್ತಡ ಯಾವಾಗಲೂ ಇರುತ್ತದೆ.

ನಮ್ಮ ಉದಾಹರಣೆಯಲ್ಲಿ ಮೇಲಿನ ನೆಲಹಾಸು 50, ಸ್ಲ್ಯಾಬ್ 125 ಮಿ.ಮೀ. ಕಳೆದರೆ ಛಾವಣಿಯ ತಳ ಕೆಳಗಿನ ನೆಲದಿಂದ 2885 ಮಿ.ಮೀ. ಎತ್ತರದಲ್ಲಿರುತ್ತದೆ. ಅದರಿಂದ 2200 ಕಳೆದರೆ 685. ನಾಲ್ಕನೆಯ ಮೆಟ್ಟಿಲಿನ ಎತ್ತರ 680. ಆದ್ದರಿಂದ ನಾಲ್ಕನೆಯ ಮೆಟ್ಟಿಲಿನ ಅಂಚಿನಿಂದಲೇ ತೂತು ಆರಂಭವಾಗಬೇಕು, ಲ್ಯಾಂಡಿಂಗ್ ಸೇರಿ ಅದರ ಉದ್ದ 4640 ಮಿ.ಮೀ., ಸುಮಾರು ಹದಿನೈದೂಕಾಲು ಅಡಿ. ತೂತಿನ ಅಂಚಿನಲ್ಲಿ 250 ಮಿ.ಮೀ. ಕೆಳಗಿಳಿಯುವ ಬೀಮ್ ಇದ್ದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಆಗ ಎರಡನೆಯ ಮೆಟ್ಟಿಲಿನಿಂದಲೇ ತೆರೆಯಬೇಕು, ಉದ್ದ 5200 ಮಿ.ಮೀ. ಆಗುತ್ತದೆ. ಎಷ್ಟೋ ಮನೆಗಳಲ್ಲಿ ತಲೆಗೆ ತಾಕುವುದು ಸ್ಲ್ಯಾಬ್ ಅಲ್ಲ, ಈ ಬೀಮ್.

ಮೆಟ್ಟಿಲಿನ ಅಗಲ ಮೂರು ಅಡಿ ಸಾಕೇ?

ಗೋಡೆಗೂ ರೇಲಿಂಗಿಗೂ ನಡುವೆ ಸುಮಾರು ಒಂದು ಮೀಟರ್ ಸಿಗಬೇಕು. ನಕ್ಷೆಯಲ್ಲಿ ಮೂರು ಅಡಿ ಎಂದಿದ್ದರೆ, ಗೋಡೆಯ ಪ್ಲಾಸ್ಟರಿಂಗ್ ಮತ್ತು ರೇಲಿಂಗ್ ತಿಂದುಕೊಂಡ ಮೇಲೆ ಎರಡು ಅಡಿ ಎಂಟು ಇಂಚು ಉಳಿಯುತ್ತದೆ. ಮಂಚ, ಕಬ್ಬಿಣದ ಬೀರು, ವಾಷಿಂಗ್ ಮೆಷಿನ್ ಮೇಲೆ ಹೋಗಬೇಕು, ಕಾಯಿಲೆಯವರನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹಿಡಿದು ಇಳಿಸಬೇಕಾದ ದಿನವೂ ಬರಬಹುದು. ಕಾಂಕ್ರೀಟಿನ ಅಗಲ ಮೂರೂವರೆ ಅಡಿ ಇಡಿ.

ರೇಲಿಂಗ್ ಹೇಗಿರಬೇಕು?

ಮೆಟ್ಟಿಲಿನ ಅಂಚಿನಿಂದ 900ರಿಂದ 1000 ಮಿ.ಮೀ. ಎತ್ತರ, ಲ್ಯಾಂಡಿಂಗ್ ಮತ್ತು ಮೇಲಿನ ತೆರೆದ ಅಂಚಿನಲ್ಲಿ ಪೂರ್ತಿ ಒಂದು ಮೀಟರ್. ಹಿಡಿಯುವ ಭಾಗ ದುಂಡಗಿದ್ದು 40ರಿಂದ 50 ಮಿ.ಮೀ. ವ್ಯಾಸದ್ದಾಗಿದ್ದರೆ ಬೆರಳುಗಳು ಸುತ್ತಿಕೊಳ್ಳುತ್ತವೆ. ನೋಡಲು ಚಂದವೆಂದು ಆರು ಇಂಚು ಅಗಲದ ಮರದ ಪಟ್ಟಿ ಹಾಕಿಸಿದರೆ ಅದರ ಮೇಲೆ ಅಂಗೈ ಜಾರುತ್ತದೆಯೇ ಹೊರತು ಹಿಡಿತ ಸಿಗುವುದಿಲ್ಲ. ಗೋಡೆಯ ಕಡೆಗೂ ಒಂದು ಹಿಡಿಕಂಬಿ ಇರಲಿ, ಗೋಡೆಗೂ ಅದಕ್ಕೂ ನಡುವೆ 50 ಮಿ.ಮೀ. ಬಿಡಬೇಕು.

ಕಂಬಿಗಳ ನಡುವಿನ ಸಂದು 100 ಮಿ.ಮೀ. ಮೀರದಿದ್ದರೆ ಪುಟ್ಟ ಮಗುವಿನ ತಲೆ ತೂರುವುದಿಲ್ಲ. ಈಗ ಬಹಳ ಬಳಕೆಯಲ್ಲಿರುವ ಅಡ್ಡಪೈಪುಗಳ ಸ್ಟೀಲ್ ರೇಲಿಂಗನ್ನು ಮಕ್ಕಳಿರುವ ಮನೆಯಲ್ಲಿ ನಾನು ಒಪ್ಪುವುದಿಲ್ಲ. ಎರಡು ವರ್ಷದ ಮಗುವಿಗೆ ಅದು ಏರಲು ಹೇಳಿ ಮಾಡಿಸಿದ ಏಣಿ. ಕಂಬಿಗಳು ನಿಲುವಾಗಿರಲಿ.

ಮನೆಯಲ್ಲಿ ವಯಸ್ಸಾದವರಿದ್ದರೆ ಅಳತೆ ಬದಲಿಸಬೇಕೇ?

ಬದಲಿಸಿದರೆ ಒಳ್ಳೆಯದು. 3060ನ್ನು 20ರಿಂದ ಭಾಗಿಸಿದರೆ 153 ಮಿ.ಮೀ. ರೈಸರ್, 300 ಟ್ರೆಡ್ ಇಟ್ಟರೆ ಸೂತ್ರದ ಮೊತ್ತ 606. ಲ್ಯಾಂಡಿಂಗ್ ಸೇರಿ ಉದ್ದ 6400 ಮಿ.ಮೀ., ಇಪ್ಪತ್ತೊಂದು ಅಡಿ. ಮೊಣಕಾಲು ನೋವಿರುವವರಿಗೆ ಒಂದೊಂದು ಮೆಟ್ಟಿಲಿನಲ್ಲೂ ಕಡಿಮೆಯಾಗುವ ಹದಿನೇಳು ಮಿ.ಮೀ. ದೊಡ್ಡ ನೆಮ್ಮದಿ. ಎರಡೂ ಬದಿಗೆ ಹಿಡಿಕಂಬಿ, ಪ್ರತಿ ಅಂಚಿಗೂ ಬೇರೆ ಬಣ್ಣದ ಪಟ್ಟಿ, ಮೇಲೆ ಮತ್ತು ಕೆಳಗೆ ಎರಡೂ ಕಡೆ ಹಾಕಿ ಆರಿಸಬಹುದಾದ ಟೂ ವೇ ಸ್ವಿಚ್ಚಿನ ದೀಪ ಇವರಿಗೆ ಅಗತ್ಯ. ಒಂದೇ ಬಣ್ಣದ ಕಪ್ಪು ಗ್ರಾನೈಟನ್ನು ಮೆಟ್ಟಿಲಿಗೆಲ್ಲ ಹಾಸಿದರೆ, ಕಣ್ಣಿನ ಪೊರೆ ಬಂದವರಿಗೆ ಇಳಿಯುವಾಗ ಅಂಚು ಎಲ್ಲಿದೆಯೆಂಬುದೇ ಕಾಣುವುದಿಲ್ಲ.

ಹೊರಗಿನ ಮೆಟ್ಟಿಲಿಗೆ ಯಾವ ಕಲ್ಲು ಒಳ್ಳೆಯದು?

ಪಾಲಿಶ್ ಮಾಡಿದ್ದು ಯಾವುದೂ ಬೇಡ. ಮಲೆನಾಡು, ಕರಾವಳಿಗಳಲ್ಲಿ ನಾಲ್ಕು ತಿಂಗಳು ನೆನೆದು ಪಾಚಿ ಕಟ್ಟುವ ಮೆಟ್ಟಿಲಿನ ಮೇಲೆ ಹೊಳಪಿನ ಗ್ರಾನೈಟ್ ಹಾಕುವುದು ಅಪಾಯವನ್ನು ಕರೆದಂತೆ. ಒರಟು ಮೈಯ ಸಾದರಹಳ್ಳಿ ಕಲ್ಲು ಅಥವಾ ಬೆಂಕಿಯಿಂದ ಒರಟು ಮಾಡಿದ ಗ್ರಾನೈಟ್ ಬಳಸಬಹುದು. ಅಂಚಿನ ಬಳಿ ಎರಡು ಮೂರು ಗೀರು ಕೊರೆಸಿ, ನೀರು ನಿಲ್ಲದಂತೆ ಟ್ರೆಡ್ಡಿಗೆ ಮುಂದಕ್ಕೆ ಮೂರ್ನಾಲ್ಕು ಮಿ.ಮೀ. ವಾಟ ಕೊಡಿಸಿ.

ಮೆಟ್ಟಿಲಿನ ಕೆಳಗೆ ಓಡಾಡುವ ದಾರಿ ಮಾಡಬಹುದೇ?

ನೇರ ಮೆಟ್ಟಿಲಿನಲ್ಲಿ ಅದು ಸಿಗುವುದು ಬಹಳ ಕಡಿಮೆ. ಆರು ಇಂಚಿನ ವೇಸ್ಟ್ ಸ್ಲ್ಯಾಬ್ (ಮೆಟ್ಟಿಲುಗಳನ್ನು ಹೊರುವ ಓರೆಯಾದ ಕಾಂಕ್ರೀಟ್ ಸ್ಲ್ಯಾಬ್), ಕಲ್ಲು, ಪ್ಲಾಸ್ಟರ್ ಎಲ್ಲ ಸೇರಿ ಅಂಚಿನಿಂದ ತಳದವರೆಗೆ ಸುಮಾರು 400 ಮಿ.ಮೀ. ದಪ್ಪವಿರುತ್ತದೆ. ತಳದಲ್ಲಿ 2200 ತೆರಪು ಬೇಕೆಂದರೆ ಮೆಟ್ಟಿಲು 2600 ಎತ್ತರಕ್ಕೆ ಏರಿರಬೇಕು, ಅಂದರೆ ಹದಿನಾರನೆಯ ಮೆಟ್ಟಿಲು. ಉಳಿದ ಜಾಗ ಸಾಮಾನಿಗೆ, ಮೋಟರಿಗೆ ಅಥವಾ ಯುಪಿಎಸ್‌ಗೆ ಸರಿ.

ವೇಸ್ಟ್ ಸ್ಲ್ಯಾಬಿನ ದಪ್ಪ, ಕಂಬಿಯ ಲೆಕ್ಕವನ್ನು ನಾವೇ ಮಾಡಬಹುದೇ?

ಮಾಡಬಾರದು. ಭಾರತೀಯ ಮಾನಕ ಐಎಸ್ 875ರ ಎರಡನೆಯ ಭಾಗದ ಪ್ರಕಾರ ಮನೆಯ ಮೆಟ್ಟಿಲು ಪ್ರತಿ ಚದರ ಮೀಟರಿಗೆ 3 ಕಿಲೋನ್ಯೂಟನ್, ಅಂದರೆ ಸುಮಾರು 300 ಕಿಲೋ ಓಡಾಟದ ಭಾರ ಹೊರುವಂತಿರಬೇಕು. ನೇರ ಮೆಟ್ಟಿಲಿನ ಉದ್ದ ಹೆಚ್ಚಿರುವುದರಿಂದ ಆಧಾರ ಎಲ್ಲಿ ಕೊಡಬೇಕೆಂಬುದು ಸ್ಟ್ರಕ್ಚರಲ್ ಇಂಜಿನಿಯರ್ ನಿರ್ಧರಿಸಬೇಕಾದ ವಿಷಯ.

ಈಗಾಗಲೇ ಕಟ್ಟಿದ ಮೆಟ್ಟಿಲು ಏರುಪೇರಾಗಿದೆ. ಒಡೆಯದೆ ಸರಿಪಡಿಸಬಹುದೇ?

ಅನೇಕ ಸಲ ಸಾಧ್ಯ. ಮೊದಲು ರಸಮಟ್ಟ ಮತ್ತು ಟೇಪ್ ಹಿಡಿದು ಪ್ರತಿ ರೈಸರಿನ ಎತ್ತರವನ್ನೂ ಬರೆದುಕೊಳ್ಳಿ. ಮೇಲೆ ಕೆಟ್ಟುಹೋಗಿದ್ದ ಉದಾಹರಣೆಯನ್ನೇ ತೆಗೆದುಕೊಂಡರೆ, ಮೊದಲನೆಯದು 136.4, ನಡುವಿನವು 171.4, ಕೊನೆಯದು 181.4. ಎಲ್ಲವೂ 170 ಆಗಬೇಕಾದರೆ ಮೊದಲ ಮೆಟ್ಟಿಲಿನ ಮೇಲ್ಮೈಯನ್ನು 33.6 ಮಿ.ಮೀ. ಎತ್ತರಿಸಬೇಕು, ಎರಡನೆಯದನ್ನು 32.2, ಮೂರನೆಯದನ್ನು 30.8, ಹೀಗೆ ಪ್ರತಿ ಮೆಟ್ಟಿಲಿಗೂ 1.4 ಮಿ.ಮೀ. ಕಡಿಮೆ ಮಾಡುತ್ತ ಹೋಗಬೇಕು. ಲ್ಯಾಂಡಿಂಗ್ ಒಂಬತ್ತನೆಯ ಮೆಟ್ಟಿಲಿನ ಜಾಗದಲ್ಲಿರುವುದರಿಂದ ಅದಕ್ಕೆ 22.4 ಬರುತ್ತದೆ, ಹದಿನೇಳನೆಯದಕ್ಕೆ 11.2. ಎಂಟು ಮಿ.ಮೀ. ದಪ್ಪದ, ಜಾರದ ಟೈಲ್ಸನ್ನು ಅಂಟಿನ ಮೇಲೆ ಕೂರಿಸಿದರೆ ಮೇಲಿನ ತುದಿಯ ಹನ್ನೊಂದು ಮಿ.ಮೀ. ಸರಿಯಾಗಿ ಬರುತ್ತದೆ. ಕೆಳಗೆ ಬಂದಂತೆ ಟೈಲ್ಸಿನ ಅಡಿಯ ಗಾರೆಯನ್ನು ದಪ್ಪ ಮಾಡಬೇಕು. ಹಳೆಯ ಪಾಲಿಶ್ ಕಲ್ಲಿದ್ದರೆ ಗಾರೆ ಹಿಡಿಯುವಂತೆ ಮೊದಲು ಅದರ ಮೈಯನ್ನು ಕಚ್ಚು ಮಾಡಿಸಬೇಕು. ಕೆಲಸ ಮುಗಿದಾಗ ಎರಡೂ ನೆಲಗಳು ಮೊದಲಿನ ಮಟ್ಟದಲ್ಲೇ ಉಳಿಯುತ್ತವೆ. ಆದರೆ ಮೆಟ್ಟಿಲು ಸರಾಸರಿ ಎರಡು ಸೆಂ.ಮೀ.ಯಷ್ಟು ಎತ್ತರವಾಗಿರುವುದರಿಂದ ರೇಲಿಂಗಿನ ಎತ್ತರ ಅಷ್ಟು ಕಡಿಮೆಯಾಗಿರುತ್ತದೆ. ಅದು 900 ಮಿ.ಮೀ.ಗಿಂತ ಕೆಳಗಿಳಿದಿದ್ದರೆ ರೇಲಿಂಗನ್ನೂ ಎತ್ತರಿಸಬೇಕು.